ಔಷಧಿಗೆ ಬಗ್ಗದ ಕುರು: ಹರಡುವುದು ಹೇಗೆ, ತಡೆಯುವುದು ಹೇಗೆ

ಮಳೆಗಾಲ ಹಿಡಿದ ಮೇಲೆ ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯ ಮನೆಗಳಲ್ಲಿ ಕುರು, ಬೊಕ್ಕೆ, ಕಜ್ಜಿಯ ಮಾತು ಹೊಸತಲ್ಲ. ಚಂಡಿ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ, ತೋಟದ ಕೆಲಸದಲ್ಲಿ ಕಾಲಿಗೆ ಮುಳ್ಳು ತಾಗುತ್ತದೆ, ಮಕ್ಕಳು ಸೊಳ್ಳೆ ಕಚ್ಚಿದಲ್ಲಿ ತುರಿಸಿ ಗಾಯ ಮಾಡಿಕೊಳ್ಳುತ್ತಾರೆ. ಒಂದು ಕುರು ಎದ್ದರೆ ಅರಸಿನ ಹಚ್ಚಿ, ಸುಣ್ಣ-ಬೆಲ್ಲ ಇಟ್ಟು, ಅದು ಹಣ್ಣಾಗಿ ಒಡೆಯುವ ತನಕ ಕಾಯುವುದು ಹಿಂದಿನಿಂದ ಬಂದ ಕ್ರಮ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಸಂಘದ ಸದಸ್ಯರು ಸಭೆಗೆ ಬಂದಾಗ ಹೇಳುವ ಮಾತು ಬೇರೆಯಾಗಿದೆ. ಒಂದು ವಾಸಿಯಾಯಿತು ಎನ್ನುವಾಗ ಇನ್ನೊಂದು ಏಳುತ್ತದೆ. ಮನೆಯಲ್ಲಿ ಒಬ್ಬರದ್ದು ಮುಗಿದರೆ ಇನ್ನೊಬ್ಬರಿಗೆ ಶುರು. ಮೆಡಿಕಲ್‌ನಿಂದ ತಂದ ಮಾತ್ರೆ ಎರಡು ಸಲ ನುಂಗಿದ್ದಾಯಿತು, ಪ್ರಯೋಜನವಿಲ್ಲ. ಈ ವರ್ಷದ ಕಬಡ್ಡಿ ಪಂದ್ಯಾಟಕ್ಕೆ ಮುಂಚೆ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುವುದು ಒಳ್ಳೆಯದೆಂದು ನಮಗೆ ಅನಿಸಿತು. ಕಬಡ್ಡಿಗೂ ಕುರುವಿಗೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ಮುಂದೆ ಇದೆ.

ಕುರುವಿಗೆ ಮುಖ್ಯ ಕಾರಣ ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬ ಶಸ್ತ್ರವೈದ್ಯರು 1880ರ ಸುಮಾರಿಗೆ ಕುರುವಿನ ಕೀವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ದ್ರಾಕ್ಷಿ ಗೊಂಚಲಿನಂತೆ ಗುಂಪುಗುಂಪಾಗಿ ಉರುಟು ಕಣಗಳು ಕಂಡವು. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿ ಗೊಂಚಲಿಗೆ ಇರುವ ಪದದಿಂದಲೇ ಆ ಹೆಸರು ಬಂತು. ಪ್ರಯೋಗಾಲಯದಲ್ಲಿ ಬೆಳೆಸಿದರೆ ಹೊನ್ನಿನ ಬಣ್ಣದ ಚುಕ್ಕೆಗಳಾಗಿ ಕಾಣುವುದರಿಂದ ಆರಿಯಸ್, ಅಂದರೆ ಬಂಗಾರದ್ದು. ಹೆಸರು ಚಂದ, ಕೆಲಸ ಮಾತ್ರ ಅಷ್ಟು ಚಂದವಲ್ಲ.

ಇದು ಎಲ್ಲಿಂದಲೋ ಹಾರಿ ಬರುವ ರೋಗಾಣು ಅಲ್ಲ. ಆರೋಗ್ಯವಂತರಾದ ಹತ್ತು ಜನರಲ್ಲಿ ಸುಮಾರು ಮೂವರ ಮೂಗಿನೊಳಗೆ ಇದು ಸದ್ದಿಲ್ಲದೆ ಇರುತ್ತದೆ. ಕಂಕುಳು, ತೊಡೆಸಂದಿಯಲ್ಲಿಯೂ ಇರಬಹುದು. ಇದ್ದವರಿಗೆ ಏನೂ ತೊಂದರೆ ಇರುವುದಿಲ್ಲ, ಇದೆ ಎಂದು ಗೊತ್ತೂ ಇರುವುದಿಲ್ಲ. ಚರ್ಮ ಎಂಬ ಗೋಡೆ ಗಟ್ಟಿ ಇರುವ ತನಕ ಅದು ಹೊರಗಿನ ಜಗಲಿಯಲ್ಲಿ ಕೂತ ಹಾಗೆ. ಗೋಡೆಯಲ್ಲಿ ಬಿರುಕು ಬಿತ್ತೆಂದರೆ, ಅದು ತರಚು ಗಾಯ ಇರಲಿ, ಕ್ಷೌರದ ಬ್ಲೇಡಿನ ಗೀರು ಇರಲಿ, ತುರಿಸಿದ ಸೊಳ್ಳೆ ಕಡಿತವಿರಲಿ, ಒಳಗೆ ಬರಲು ದಾರಿಯಾಯಿತು.

ಇದೇ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತಿದ್ದಾಗಲೇ 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು ಹಲವರು ಶಾಲೆಯಲ್ಲಿ ಓದಿದ ಸಂಗತಿ. ಆಮೇಲಿನ ಕಥೆ ಶಾಲೆಯಲ್ಲಿ ಹೆಚ್ಚು ಹೇಳುವುದಿಲ್ಲ. ಪೆನಿಸಿಲಿನ್ ಸಾರ್ವಜನಿಕ ಬಳಕೆಗೆ ಬಂದು ಕೆಲವೇ ವರ್ಷಗಳಲ್ಲಿ, 1948ರ ವೇಳೆಗೆ, ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಸಿಕ್ಕ ಈ ರೋಗಾಣುಗಳಲ್ಲಿ ಅರ್ಧಕ್ಕೂ ಹೆಚ್ಚು ಪೆನಿಸಿಲಿನ್‌ಗೆ ಬಗ್ಗದವು ಆಗಿದ್ದವು. ಅವು ಪೆನಿಸಿಲಿನ್ನನ್ನು ತುಂಡರಿಸುವ ಒಂದು ಕಿಣ್ವವನ್ನು ತಯಾರಿಸುತ್ತಿದ್ದವು. ಆ ಕಿಣ್ವಕ್ಕೆ ಸಿಕ್ಕದ ಮೆಥಿಸಿಲಿನ್ ಎಂಬ ಹೊಸ ಔಷಧಿ 1959-60ರಲ್ಲಿ ಬಂತು. 1961ರಲ್ಲಿಯೇ ಇಂಗ್ಲೆಂಡಿನ ಪೆಟ್ರೀಷಿಯಾ ಜೆವನ್ಸ್ ಎಂಬ ವಿಜ್ಞಾನಿ ಅದಕ್ಕೂ ಬಗ್ಗದ ತಳಿಗಳನ್ನು ವರದಿ ಮಾಡಿದರು. ಇವತ್ತು ಮೆಥಿಸಿಲಿನ್ ಔಷಧಿಯಾಗಿ ಬಳಕೆಯಲ್ಲಿಲ್ಲ. ಆದರೆ ಹೆಸರು ಉಳಿದಿದೆ: ಮೆಥಿಸಿಲಿನ್‌ಗೆ ಬಗ್ಗದ ಸ್ಟೆಫೈಲೋಕಾಕಸ್ ಆರಿಯಸ್, ಚಿಕ್ಕದಾಗಿ ಎಂ.ಆರ್.ಎಸ್.ಎ. ನಿಮ್ಮ ಕೀವಿನ ಪರೀಕ್ಷೆಯ ವರದಿಯಲ್ಲಿ ಈ ನಾಲ್ಕು ಅಕ್ಷರ ಕಂಡರೆ ಇದೇ ಅರ್ಥ.

ಬಗ್ಗುವುದಿಲ್ಲ ಎಂದರೆ ಏನು? ನಮ್ಮ ಕಡೆ ಮುರಕಲ್ಲಿನ ಗೋಡೆ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಬ್ಯಾಕ್ಟೀರಿಯಾಕ್ಕೂ ಸುತ್ತ ಒಂದು ಗೋಡೆ ಬೇಕು. ಅದು ಬೆಳೆದು ಎರಡಾಗುವಾಗಲೆಲ್ಲ ಹೊಸ ಗೋಡೆ ಕಟ್ಟಬೇಕು. ಆ ಕೆಲಸಕ್ಕೆ ಅದರೊಳಗೆ ಮೇಸ್ತ್ರಿಗಳಂತಹ ಪ್ರೋಟೀನುಗಳಿವೆ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಲೆಕ್ಸಿನ್ ಮೊದಲಾದವು ಆ ಮೇಸ್ತ್ರಿಯ ಕೈಯನ್ನೇ ಕಟ್ಟಿಹಾಕುತ್ತವೆ. ಗೋಡೆ ಅರ್ಧಕ್ಕೆ ನಿಂತು ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಎಂ.ಆರ್.ಎಸ್.ಎ. ಬೇರೊಂದು ಮೇಸ್ತ್ರಿಯನ್ನು ತಂದಿಟ್ಟುಕೊಂಡಿದೆ. ಮೆಕ್-ಎ ಎಂಬ ಜೀನ್ ಅದಕ್ಕೆ ಕೊಡುವ ಈ ಪ್ರೋಟೀನಿನ ಕೈಗೆ ಆ ಔಷಧಿಗಳ ಹಗ್ಗ ಹಿಡಿಯುವುದೇ ಇಲ್ಲ. ಹಾಗಾಗಿ ಅಮಾಕ್ಸಿಸಿಲಿನ್ ಒಂದು ಕೋರ್ಸಿನ ಬದಲು ಮೂರು ಕೋರ್ಸ್ ನುಂಗಿದರೂ, ಕ್ಲಾವುಲನೇಟ್ ಸೇರಿಸಿದ ದುಬಾರಿ ಮಾತ್ರೆ ತಂದರೂ, ಈ ಕುರುವಿಗೆ ಅದು ನಾಟುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. "ನನ್ನ ಶರೀರಕ್ಕೆ ಆ ಮಾತ್ರೆ ಅಭ್ಯಾಸವಾಗಿದೆ, ಈಗ ಹಿಡಿಯುವುದಿಲ್ಲ" ಎನ್ನುತ್ತಾರೆ. ಅಭ್ಯಾಸವಾದದ್ದು ಶರೀರಕ್ಕಲ್ಲ, ರೋಗಾಣುವಿಗೆ. ಅದರಿಂದಾಗಿಯೇ ಜೀವಮಾನದಲ್ಲಿ ಒಂದು ಆಂಟಿಬಯೋಟಿಕ್ ಮಾತ್ರೆ ನುಂಗದ ಮಗುವಿಗೂ ಔಷಧಿಗೆ ಬಗ್ಗದ ಸೋಂಕು ತಗಲಬಹುದು. ಬೇರೆ ಯಾರದೋ ಶರೀರದಲ್ಲಿ ಔಷಧಿಯ ಏಟು ತಿಂದು ಉಳಿದ ತಳಿ ಆ ಮಗುವಿನ ಗಾಯಕ್ಕೆ ಬಂದಿರುತ್ತದೆ, ಅಷ್ಟೆ.

ಮೊದಲೆಲ್ಲ ಇದು ಆಸ್ಪತ್ರೆಯಲ್ಲಿ ತಗಲುವ ಕಾಯಿಲೆ ಎಂದೇ ಲೆಕ್ಕ. 1990ರ ದಶಕದಲ್ಲಿ ಚಿತ್ರ ಬದಲಾಯಿತು. ಅಮೆರಿಕದ ಮಿನೆಸೋಟ ಮತ್ತು ನಾರ್ತ್ ಡಕೋಟ ರಾಜ್ಯಗಳಲ್ಲಿ 1997ರಿಂದ 1999ರ ನಡುವೆ ನಾಲ್ವರು ಮಕ್ಕಳು ಎಂ.ಆರ್.ಎಸ್.ಎ. ಸೋಂಕಿನಿಂದ ತೀರಿಕೊಂಡರು. ಆಸ್ಪತ್ರೆಯ ಗಾಳಿ ತಗಲಿ ಬಂದ ಕಾಯಿಲೆ ಎನ್ನುವಂತೆ ಇರಲಿಲ್ಲ, ಊರಿನಲ್ಲೇ ತಗಲಿದ್ದು. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ಬಂಗಾಳ ಕೊಲ್ಲಿಯ ತಳಿ ಎಂದೇ ವಿಜ್ಞಾನಿಗಳು ಕರೆಯುವ, ಹಲವು ಔಷಧಿಗಳಿಗೆ ಒಟ್ಟಿಗೇ ಬಗ್ಗದ ಒಂದು ತಳಿ ಭಾರತ ಉಪಖಂಡದಲ್ಲಿ ಹುಟ್ಟಿ, ಪ್ರಯಾಣಿಕರೊಂದಿಗೆ ಹಲವು ದೇಶಗಳಿಗೆ ಹೋಗಿದೆ. 2008 ಮತ್ತು 2009ರಲ್ಲಿ ದೇಶದ 15 ದೊಡ್ಡ ಆಸ್ಪತ್ರೆಗಳಲ್ಲಿ ಸಿಕ್ಕ ಸ್ಟೆಫೈಲೋಕಾಕಸ್ ಆರಿಯಸ್‌ಗಳನ್ನು ಪರೀಕ್ಷಿಸಿದಾಗ ಶೇ. 41ರಷ್ಟು ಎಂ.ಆರ್.ಎಸ್.ಎ. ಎಂದು ಕಂಡುಬಂತು. ಇದು ಆಸ್ಪತ್ರೆಗೆ ಹೋದವರ ಲೆಕ್ಕ. ಊರಿನ ಪ್ರತಿ ಕುರುವಿಗೂ ಇದೇ ಲೆಕ್ಕ ಹಾಕಿ ಹೆದರಬೇಕಾಗಿಲ್ಲ. ಆದರೂ ಸಣ್ಣ ಅಂಕಿ ಅಲ್ಲ.

ಈಗ ಕಬಡ್ಡಿಯ ವಿಷಯ. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ರ‍್ಯಾಮ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡದಲ್ಲಿ ಇದೇ ಸೋಂಕು ಎದ್ದಿತು. ಅಲ್ಲಿಯ ಫುಟ್‌ಬಾಲ್ ಎಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ, ಮೈಮೇಲೆ ಬಿದ್ದು ಹಿಡಿಯುವ ಆಟ. ಹಿಡಿತದ ಮಟ್ಟಿಗೆ ಕಬಡ್ಡಿಯ ನೆಂಟನೇ. 58 ಆಟಗಾರರಲ್ಲಿ ಐವರಿಗೆ ಒಟ್ಟು ಎಂಟು ಸಲ ಸೋಂಕಾಯಿತು. ತಜ್ಞರು ಬಂದು ಹುಡುಕಿದಾಗ ಕಂಡದ್ದು ನಮಗೆಲ್ಲ ಪಾಠವಾಗುವಂತಿದೆ. ಎಂಟೂ ಸೋಂಕು ಕೃತಕ ಹುಲ್ಲಿನ ಮೇಲೆ ಬಿದ್ದು ಚರ್ಮ ತರಚಿದ ಜಾಗದಲ್ಲೇ ಆಗಿತ್ತು. ಮೊಣಕೈ, ಮೊಣಕಾಲಿನ ಆ ತರಚುಗಳನ್ನು ಯಾರೂ ಗಾಯವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ, ಮುಚ್ಚುತ್ತಿರಲೂ ಇಲ್ಲ. ಮೈದಾನದಲ್ಲಿ ಒಂದೇ ಬೈರಾಸಿನಲ್ಲಿ ಮೂರು ಜನ ಮುಖ ಒರಸುತ್ತಿದ್ದರು. ಗಾಯ ನೋಡುವ ತರಬೇತುದಾರರಿಗೆ ಒಬ್ಬನಿಂದ ಇನ್ನೊಬ್ಬನ ಬಳಿಗೆ ಹೋಗುವ ನಡುವೆ ಕೈ ತೊಳೆಯಲು ಅನುಕೂಲವಿರಲಿಲ್ಲ. ವ್ಯಾಯಾಮದ ಸಲಕರಣೆಗಳನ್ನು ಕ್ರಮವಾಗಿ ಶುಚಿ ಮಾಡುತ್ತಿರಲಿಲ್ಲ. ಆಟಗಾರರು ಆಂಟಿಬಯೋಟಿಕ್ ನುಂಗುತ್ತಿದ್ದ ಪ್ರಮಾಣವೂ ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ಬಹಳ ಹೆಚ್ಚಿತ್ತು. ಅವರ ವಿರುದ್ಧ ಆಡಿದ ಇನ್ನೊಂದು ತಂಡದವರಿಗೂ ಸೋಂಕು ದಾಟಿತ್ತು.

ಕೋಟಿಗಟ್ಟಲೆ ಹಣದ ತಂಡದಲ್ಲೇ ಹೀಗಾದರೆ, ಮ್ಯಾಟಿನ ಮೇಲೆ ಒಂದೇ ರಾತ್ರಿ ಹತ್ತಾರು ತಂಡಗಳು ಆಡುವ ನಮ್ಮ ಊರಿನ ಪಂದ್ಯಾಟದಲ್ಲಿ ಏನಾಗಬಹುದು ಎಂದು ಯೋಚಿಸಬೇಕು. ಮಣ್ಣಿನ ಅಂಕಣಕ್ಕಿಂತ ಮ್ಯಾಟು ಕಾಲಿಗೆ ಸುಖ, ನಿಜ. ಆದರೆ ಮೊಣಕೈ, ಮೊಣಕಾಲು ತರಚುವುದು ಅದರಲ್ಲೂ ಇದೆ, ಒಬ್ಬರ ಬೆವರು, ರಕ್ತ, ಕೀವು ಇನ್ನೊಬ್ಬರು ಬೀಳುವ ಜಾಗದಲ್ಲಿ ಉಳಿಯುವುದೂ ಇದೆ. ಈ ಬ್ಯಾಕ್ಟೀರಿಯಾ ಒಣ ಮೇಲ್ಮೈಯಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬದುಕಬಲ್ಲದು.

ಆಟ ಒಂದು ಉದಾಹರಣೆ ಮಾತ್ರ. ಜನ ಒತ್ತಾಗಿ ಇರುವಲ್ಲಿ, ಮೈಗೆ ಮೈ ತಾಗುವಲ್ಲಿ, ಚರ್ಮ ಒಡೆದಿರುವಲ್ಲಿ, ವಸ್ತುಗಳನ್ನು ಹಂಚಿಕೊಳ್ಳುವಲ್ಲಿ, ಸ್ನಾನ-ಶುಚಿಗೆ ಅನುಕೂಲ ಕಡಿಮೆ ಇರುವಲ್ಲಿ ಇದು ಹರಡುತ್ತದೆ. ವಿದ್ಯಾರ್ಥಿ ನಿಲಯ, ಜಿಮ್ಮು, ಕೊಲ್ಲಿ ರಾಷ್ಟ್ರಗಳಲ್ಲಿ ಒಂದು ಕೋಣೆಯಲ್ಲಿ ಎಂಟು ಜನ ಮಲಗುವ ನಮ್ಮ ಹುಡುಗರ ವಸತಿ, ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಯಕ್ಷಗಾನದ ಚೌಕಿಯೂ ಈ ಸಾಲಿಗೆ ಸೇರುತ್ತದೆ ಎಂದರೆ ಕಲಾವಿದ ಮಿತ್ರರು ಬೇಸರಿಸಬಾರದು. ಬಣ್ಣ ತೆಗೆಯುವ ಬಟ್ಟೆ, ಬೆವರಿನಲ್ಲಿ ನೆನೆದ ವೇಷದ ಒಳಉಡುಪು, ಗಡ್ಡ ತೆಗೆಯುವ ರೇಜರ್, ಇವಿಷ್ಟು ಪ್ರತಿಯೊಬ್ಬರಿಗೂ ತಮ್ಮದೇ ಇರಲಿ.

ಮನೆಯೊಳಗೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಸದಸ್ಯರೊಬ್ಬರ ಮನೆಯ ಸಂಗತಿ ಹೇಳುತ್ತೇವೆ. ಹೆಸರು, ಊರು ಬೇಡ. ಮೊದಲು ಪಿಯುಸಿ ಓದುವ ಮಗನ ತೊಡೆಯಲ್ಲಿ ಒಂದು ಕುರು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ಮೂರು ದಿನ, ನೋವು ಕಡಿಮೆಯಾದ ಮೇಲೆ ಉಳಿದದ್ದು ಕಪಾಟಿನಲ್ಲಿ. ಹದಿನೈದು ದಿನ ಕಳೆದು ತಂಗಿಗೆ ಎದ್ದಾಗ ಅದೇ ಉಳಿದ ಮಾತ್ರೆ ಅವಳಿಗೆ. ಆಮೇಲೆ ತಾಯಿಯ ಕಂಕುಳಲ್ಲಿ. ಬಚ್ಚಲಿನಲ್ಲಿ ನೇತಾಡುತ್ತಿದ್ದದ್ದು ಇಡೀ ಮನೆಗೆ ಎರಡು ಬೈರಾಸು. ನಾಲ್ಕನೆಯವರು ಅಜ್ಜ, ಅವರಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಬೆನ್ನಿನಲ್ಲಿ ಎದ್ದದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಹೇಳುವಷ್ಟರಲ್ಲಿ ಅದು ಅಂಗೈಯಗಲ ಹರಡಿ, ಚಳಿ ಜ್ವರ ಬಂದು, ಸೋಂಕು ರಕ್ತಕ್ಕೆ ಸೇರಿತ್ತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ತೀವ್ರ ನಿಗಾ ಘಟಕ, ಒಟ್ಟು ಐದು ವಾರ. ಅವರು ಬದುಕಿ ಮನೆಗೆ ಬಂದರು. ಅಡಕೆ ತೋಟದ ಒಂದು ವರ್ಷದ ಉತ್ಪತ್ತಿ ಅಲ್ಲಿಯೇ ಮುಗಿಯಿತು. ಮಗನ ಕುರುವಿನಿಂದ ಹತ್ತು ಹನಿ ಕೀವು ಮೊದಲೇ ಪರೀಕ್ಷೆಗೆ ಹೋಗಿದ್ದರೆ ಯಾವ ಔಷಧಿ ನಾಟುತ್ತದೆ ಎಂದು ಎರಡು-ಮೂರು ದಿನದಲ್ಲಿ ಗೊತ್ತಾಗುತ್ತಿತ್ತು ಎಂದು ಅಲ್ಲಿಯ ವೈದ್ಯರು ಹೇಳಿದರಂತೆ.

ಹಾಗಾದರೆ ಕುರು ಎದ್ದಾಗ ಏನು ಮಾಡಬೇಕು? ಮೊದಲನೆಯದಾಗಿ ಹಿಂಡಬಾರದು. ಹಿಂಡಿದರೆ ಕೀವು ಹೊರಗೆ ಬರುವಷ್ಟೇ ಒಳಗೂ ಹೋಗುತ್ತದೆ; ಮೂಗು ಮತ್ತು ಮೇಲ್ತುಟಿಯ ಸುತ್ತಿನ ಕುರುವನ್ನಂತೂ ಮುಟ್ಟಲೇ ಬಾರದು, ಅಲ್ಲಿಯ ರಕ್ತನಾಳಗಳಿಗೆ ಮಿದುಳಿನ ಕಡೆಗೆ ಸಂಪರ್ಕವಿದೆ. ಸಣ್ಣದಾದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಿಂದ ದಿನಕ್ಕೆ ಮೂರು-ನಾಲ್ಕು ಸಲ ಶಾಖ ಕೊಡಬಹುದು, ಆ ಬಟ್ಟೆಯನ್ನು ಬೇರೆ ಯಾರೂ ಮುಟ್ಟದಂತೆ ಕುದಿಸಿ ಒಗೆಯಬೇಕು. ಕೀವು ತುಂಬಿ ದೊಡ್ಡದಾದರೆ ವೈದ್ಯರು ಚಿಕ್ಕದಾಗಿ ಕೊಯ್ದು ಕೀವು ತೆಗೆಯುವುದೇ ಮುಖ್ಯ ಚಿಕಿತ್ಸೆ. ಎಷ್ಟೋ ಜನ ಕೊಯ್ಯುವುದಕ್ಕೆ ಹೆದರಿ ಮಾತ್ರೆ ಕೊಟ್ಟುಬಿಡಿ ಎಂದು ವೈದ್ಯರನ್ನೇ ಒತ್ತಾಯಿಸುತ್ತಾರೆ. ಕೀವಿನ ಚೀಲದೊಳಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ನುಂಗಿದ ಮಾತ್ರೆ ಅಲ್ಲಿಗೆ ಸರಿಯಾಗಿ ತಲುಪುವುದೇ ಇಲ್ಲ. ಕೀವು ಹೊರಗೆ ಹೋದರೆ ಸಣ್ಣ ಕುರುಗಳಲ್ಲಿ ಎಷ್ಟೋ ಸಲ ಆಂಟಿಬಯೋಟಿಕ್ ಬೇಕೆಂದೇ ಇಲ್ಲ.

ಕೆಂಪು ಸುತ್ತಲೂ ಹರಡುತ್ತಿದ್ದರೆ, ಜ್ವರ ಬಂದರೆ, ಕಾಣುವ ಗಾಯಕ್ಕಿಂತ ನೋವು ವಿಪರೀತ ಇದ್ದರೆ ಕಾಯಬಾರದು. ಸಕ್ಕರೆ ಕಾಯಿಲೆಯವರು, ಹಸುಗೂಸುಗಳು, ಗರ್ಭಿಣಿಯರು, ಡಯಾಲಿಸಿಸ್ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮೊದಲ ದಿನವೇ ತೋರಿಸಬೇಕು. ಮನೆಯಲ್ಲಿ ಇಬ್ಬರಿಗಿಂತ ಹೆಚ್ಚು ಜನಕ್ಕೆ ಆದರೆ, ಅಥವಾ ಒಬ್ಬರಿಗೇ ಮತ್ತೆ ಮತ್ತೆ ಬಂದರೆ, ಕೀವಿನ ಕಲ್ಚರ್ ಪರೀಕ್ಷೆ ಮಾಡಬಹುದೇ ಎಂದು ನಾವೇ ಕೇಳುವುದರಲ್ಲಿ ಸಂಕೋಚವಿಲ್ಲ. ಎಂ.ಆರ್.ಎಸ್.ಎ. ಎಂದರೆ ಔಷಧಿಯೇ ಇಲ್ಲ ಎಂದೂ ಅಲ್ಲ. ಡಾಕ್ಸಿಸೈಕ್ಲಿನ್, ಕೋಟ್ರೈಮಾಕ್ಸಜೋಲ್, ಕ್ಲಿಂಡಾಮೈಸಿನ್‌ನಂತಹ ಹಳೆಯ, ಬೆಲೆ ಹೆಚ್ಚಿಲ್ಲದ ಔಷಧಿಗಳಲ್ಲಿ ಒಂದಾದರೂ ಹಲವು ಸಲ ನಾಟುತ್ತದೆ. ತೀವ್ರ ಸೋಂಕಿಗೆ ವ್ಯಾಂಕೊಮೈಸಿನ್, ಲಿನೆಜೋಲಿಡ್ ಇವೆ. ಯಾವುದು ಎನ್ನುವುದನ್ನು ವರದಿ ಹೇಳಬೇಕು, ಅಂಗಡಿಯ ಹುಡುಗನಲ್ಲ.

ಗಡಿನಾಡಿನವರಾದ ನಮಗೆ ಒಂದು ವಿಶೇಷ ತೊಡಕಿದೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ, ಕಾಸರಗೋಡಿನಲ್ಲಿ ಒಮ್ಮೆ, ತಲಪಾಡಿ ದಾಟಿ ಮಂಗಳೂರಿನಲ್ಲಿ ಇನ್ನೊಮ್ಮೆ ತೋರಿಸುತ್ತೇವೆ. ಒಂದು ಕಡೆಯ ಚೀಟಿ ಇನ್ನೊಂದು ಕಡೆಗೆ ಹೋಗುವುದಿಲ್ಲ. ಮೂರೂ ಕಡೆ ಮೊದಲಿನಿಂದ ಶುರು, ಮೂರೂ ಕಡೆ ಮೊದಲ ಹಂತದ ಅದೇ ಆಂಟಿಬಯೋಟಿಕ್. ಕಲ್ಚರ್ ವರದಿಯ ಒಂದು ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡು ಎಲ್ಲ ವೈದ್ಯರಿಗೂ ತೋರಿಸಿದರೆ ಈ ಸುತ್ತು ಅರ್ಧ ಕಡಿಮೆಯಾಗುತ್ತದೆ.

ಔಷಧಿ ಅಂಗಡಿಯ ವಿಷಯದಲ್ಲಿ ಕೇರಳ ಸರ್ಕಾರ ಒಳ್ಳೆಯ ಕೆಲಸ ಮಾಡಿದೆ ಎಂದು ಹೇಳಲೇಬೇಕು. ಆಂಟಿಬಯೋಟಿಕ್ ದುರ್ಬಳಕೆ ತಡೆಯಲು ರಾಜ್ಯಮಟ್ಟದ ಕ್ರಿಯಾ ಯೋಜನೆಯನ್ನು 2018ರಲ್ಲಿ ದೇಶದಲ್ಲೇ ಮೊದಲು ತಂದದ್ದು ಕೇರಳ. ವೈದ್ಯರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ 2024ರಲ್ಲಿ ಆಪರೇಷನ್ ಅಮೃತ್ ಎಂಬ ಹೆಸರಿನಲ್ಲಿ ತಪಾಸಣೆ ನಡೆಯಿತು. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದ ಅಂಗಡಿಯವರ ಮೇಲೆ ಸಿಟ್ಟಾಗಿ ಗಡಿಯಾಚೆಯಿಂದ ತರಿಸುವುದು ಜಾಣತನವಲ್ಲ, ಮಾರಾಯ್ರೆ. ಈ ಬಗೆಗಿನ ಪ್ರಕಟಣೆಗಳು ಹೆಚ್ಚಾಗಿ ಮಲಯಾಳದಲ್ಲಿ ಇರುವುದರಿಂದ ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರಿಗೆ ತಲುಪಿಲ್ಲ. ಇದನ್ನು ಓದಿದವರು ಅವರಿಗೆ ಹೇಳಬೇಕು. ಮಾತ್ರೆಯ ಹಾಳೆಯ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ನುಂಗಬಾರದ ಔಷಧಿ ಎನ್ನುವ ಗುರುತು ಭಾಷೆ ಗೊತ್ತಿಲ್ಲದವರಿಗೂ ಅರ್ಥವಾಗುತ್ತದೆ.

ಮುಲಾಮುಗಳ ಬಗ್ಗೆ ಎರಡು ಮಾತು. ತುರಿಕೆಗೂ ಕಜ್ಜಿಗೂ ಗಜಕರ್ಣಕ್ಕೂ ಒಂದೇ ಎಂದು ಮಾರುವ ಟ್ಯೂಬುಗಳಲ್ಲಿ ಹಲವು ಸಲ ಆಂಟಿಬಯೋಟಿಕ್, ಶಿಲೀಂಧ್ರದ ಔಷಧಿ ಮತ್ತು ಸ್ಟೀರಾಯ್ಡ್ ಮೂರೂ ಬೆರೆತಿರುತ್ತವೆ. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಎರಡು ದಿನದಲ್ಲಿ ಅಡಗಿಸುತ್ತದೆ, ಗುಣವಾಯಿತು ಎಂದು ಕಾಣುತ್ತದೆ; ಚರ್ಮ ತೆಳ್ಳಗಾಗಿ ಸೋಂಕು ಒಳಗೊಳಗೇ ಹರಡುತ್ತದೆ. ಇಂತಹ ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ಚೀಟಿ ಬೇಕಾದ ಔಷಧಿಗಳ ಪಟ್ಟಿಗೆ ಸೇರಿಸಿದೆ. ಅಂಗಡಿಯಲ್ಲಿ ಈಗಲೂ ಕೇಳಿದರೆ ಸಿಗುವುದು ಬೇರೆ ಮಾತು.

ತಡೆಯುವ ದಾರಿಗಳು ಹಳೆಯವೇ. ಪ್ರತಿಯೊಬ್ಬರಿಗೂ ಬೇರೆ ಬೈರಾಸು, ಬೇರೆ ಸೋಪು, ಬೇರೆ ರೇಜರ್. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡು ಕಣ್ಣೆದುರೇ ಹಾಕಿಸಿಕೊಳ್ಳುವುದು. ತರಚು ಗಾಯವನ್ನು ಕೂಡಲೇ ಸೋಪು-ನೀರಿನಲ್ಲಿ ತೊಳೆದು, ಒಣಗುವ ತನಕ ಮುಚ್ಚಿಡುವುದು. ಗಾಯಕ್ಕೆ ಗಾಳಿ ಆಡಲಿ ಎಂದು ಬಿಡುವ ಪದ್ಧತಿಯನ್ನು ಕೈಬಿಡುವುದು. ಪಟ್ಟಿ ಬದಲಿಸಿದ ಮೇಲೆ ಹಳೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಾಕಿ ಕೈ ತೊಳೆಯುವುದು. ಮಳೆಗಾಲದಲ್ಲಿ ಬಿಸಿಲೆಲ್ಲಿ ಎಂದು ಕೇಳುತ್ತೀರಿ. ಬಿಸಿನೀರಿನಲ್ಲಿ ಒಗೆದು, ಅರೆ ಒಣಗಿದ ಒಳಉಡುಪು, ಬೈರಾಸು, ತಲೆದಿಂಬಿನ ಬಟ್ಟೆಗೆ ಬಿಸಿ ಇಸ್ತ್ರಿ ಹಾಕಿದರೆ ಆಗುತ್ತದೆ. ಮನೆಯವರೆಲ್ಲರಿಗೂ ಮತ್ತೆ ಮತ್ತೆ ಬರುತ್ತಿದ್ದರೆ ಮೂಗಿಗೆ ಹಚ್ಚುವ ಮುಲಾಮು ಮತ್ತು ಮೈತೊಳೆಯುವ ದ್ರಾವಣವನ್ನು ವೈದ್ಯರು ಇಡೀ ಮನೆಗೆ ಒಟ್ಟಿಗೆ ಕೊಡುವುದುಂಟು. ಒಬ್ಬರು ಮಾತ್ರ ಬಳಸಿದರೆ ರೋಗಾಣು ಮತ್ತೊಬ್ಬರಿಂದ ಹಿಂದಿರುಗುತ್ತದೆ. ಆ ಮುಲಾಮನ್ನು ಹೇಳಿದ ದಿನಗಳಿಗಿಂತ ಹೆಚ್ಚು ಹಚ್ಚಿದರೆ ಅದಕ್ಕೂ ಬಗ್ಗದ ತಳಿ ಹುಟ್ಟುತ್ತದೆ.

ಈ ಸಲದ ಪಂದ್ಯಾಟಕ್ಕೆ ಸಂಬಂಧಿಸಿ ಸಮಿತಿ ಕೆಲವು ಏರ್ಪಾಡು ಮಾಡಿದೆ. ಪ್ರತಿ ಆಟಗಾರ ತನ್ನ ಬೈರಾಸು, ನೀರಿನ ಬಾಟಲಿ ತರಬೇಕು. ತಂಡಕ್ಕೊಂದು ಬೈರಾಸು ಎಂಬ ಕ್ರಮ ಇರುವುದಿಲ್ಲ. ಅಂಕಣದ ಪಕ್ಕದಲ್ಲಿ ನಳ್ಳಿ, ಸೋಪು, ಗಾಯ ಮುಚ್ಚುವ ಪಟ್ಟಿ ಇಡುತ್ತೇವೆ. ಮುಚ್ಚಲಾಗದ ಕುರು ಅಥವಾ ಕೀವು ಸುರಿಯುವ ಗಾಯ ಇರುವವರು ಆ ದಿನ ಆಡುವಂತಿಲ್ಲ; ಅವರ ಬದಲಿಗೆ ತಂಡಗಳು ಇನ್ನೊಬ್ಬರ ಹೆಸರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಪ್ರತಿ ನಾಲ್ಕು ಪಂದ್ಯಕ್ಕೊಮ್ಮೆ ಮ್ಯಾಟನ್ನು ಸೋಪು-ನೀರಿನಲ್ಲಿ ಒರಸಿ ಆಮೇಲೆ ಕ್ರಿಮಿನಾಶಕ ದ್ರಾವಣ ಹಚ್ಚಿ ಒಣಗಲು ಬಿಡಲಾಗುತ್ತದೆ, ಆಗ ಕಾಲು ಗಂಟೆ ಆಟ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಪ್ರೇಕ್ಷಕರಿಗೆ ಚಹಾ ಇದೆ. ಒರಸುವ ಕೆಲಸಕ್ಕೆ ಇನ್ನೂ ನಾಲ್ಕು ಜನ ಸ್ವಯಂಸೇವಕರು ಬೇಕಾಗಿದ್ದಾರೆ. ಬರುವವರು ಸಂಘದ ಕಚೇರಿಯಲ್ಲಿ ಹೆಸರು ಕೊಡಬಹುದು.